ಕೆಟಲ್ ತಳದ ಬಿಳಿ ಪದರ: ಎಲ್ಲರೂ ಕೇಳೋ ಪ್ರಶ್ನೆಗಳು

ನಾನು ಸಾಗರದ ಕಡೆ ಬಾವಿ ನೀರು ಕುಡಿದು ಬೆಳೆದವನು, ಪಾತ್ರೆ ತಳಕ್ಕೆ ಬಿಳಿ ಅಂಟುತ್ತೆ ಅನ್ನೋದೇ ಗೊತ್ತಿರ್ಲಿಲ್ಲ. ಬೆಂಗಳೂರಿಗೆ ಬಂದು ಬೋರ್ ನೀರಿನ ಪಿಜಿ ಸೇರಿದ ಮೂರನೇ ವಾರಕ್ಕೆ ನನ್ನ ಹೊಸ ಕೆಟಲ್ ಒಳಗೆ ಯಾರೋ ಸುಣ್ಣ ಬಳಿದು ಹೋದ ಹಾಗಾಗಿತ್ತು. ಡಿಗ್ರೀಲಿ ಕೆಮಿಸ್ಟ್ರಿ ಓದಿದ್ದು ಅವತ್ತು ಮೊದಲ ಸಲ ಉಪಯೋಗಕ್ಕೆ ಬಂತು. ಆಮೇಲಿಂದ ರೂಮ್‌ಮೇಟ್ಸ್, ಆಫೀಸಿನವರು, ಅತ್ತೆ ಮನೆಯವರು, ಪರದೇಶಕ್ಕೆ ಹೋದ ಫ್ರೆಂಡ್ಸ್ ಎಲ್ಲಾ ಇದನ್ನೇ ಕೇಳ್ತಾ ಇರ್ತಾರೆ, ಅದಕ್ಕೇ ಅವರು ಕೇಳಿದ ಮಾತಲ್ಲೇ ಒಂದು ಕಡೆ ಬರೆದಿಟ್ಟಿದೀನಿ.

## ಶುರುವಿಗೆ

ಕೆಟಲ್ ಒಳಗೆ ಬಿಳಿ ಪದರ ಕಟ್ಟಿದೆ, ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ. ಏನಿದು, ಫಂಗಸ್ಸಾ?

ಫಂಗಸ್ ಅಲ್ಲ, ಕೊಳೆನೂ ಅಲ್ಲ. ಅದು ಸುಣ್ಣ. ಸರಿಯಾಗಿ ಹೇಳ್ಬೇಕಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಗೋಡೆಗೆ ಬಳಿದ ಸುಣ್ಣ ಒಣಗಿ ಗಟ್ಟಿಯಾದ ಮೇಲೆ ಏನಾಗಿರುತ್ತೋ ಅದೇ ವಸ್ತು. ಮಳೆ ನೀರು ಮಣ್ಣು ಕಲ್ಲಿನೊಳಗೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ, ಅದು ನೀರಲ್ಲಿ ಬೈಕಾರ್ಬೊನೇಟ್ ರೂಪದಲ್ಲಿ ಕಣ್ಣಿಗೆ ಕಾಣದ ಹಾಗೆ ಇರುತ್ತೆ. ನೀರು ಕಾಯಿಸಿದ ತಕ್ಷಣ ಅದು ಒಡೆದು ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತೆ, ಕರಗದೇ ಇರೋ ಕಾರ್ಬೊನೇಟ್ ಕೆಳಗೆ ಕೂರುತ್ತೆ. ಕೆಟಲ್‌ನಲ್ಲಿ ಎಲ್ಲಕ್ಕಿಂತ ಬಿಸಿ ಇರೋ ಜಾಗ ತಳ, ಹಾಗಾಗಿ ಅಲ್ಲೇ ಜಾಸ್ತಿ. ಸೋಪಿಗೆ ಇದು ಜಗ್ಗಲ್ಲ, ಯಾಕಂದ್ರೆ ಸೋಪಿರೋದು ಜಿಡ್ಡಿಗೆ. ಸುಣ್ಣ ಜಗ್ಗೋದು ಹುಳಿಗೆ.

ಈ ಪುಡಿ ಹೊಟ್ಟೆಗೆ ಹೋದ್ರೆ ಕಿಡ್ನಿ ಸ್ಟೋನ್ ಆಗುತ್ತಂತಲ್ಲ?

ನಮ್ಮತ್ತೆ ಇದನ್ನ ಕೇಳದ ವಾರ ಇಲ್ಲ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್, ಕೆಟಲ್‌ನಲ್ಲಿರೋದು ಕಾರ್ಬೊನೇಟ್. ಒಂದೆರಡು ಚೂರು ಲೋಟಕ್ಕೆ ಬಂದ್ರೂ ಹೊಟ್ಟೆಯ ಆಸಿಡ್‌ನಲ್ಲಿ ಕರಗಿ ಹೋಗುತ್ತೆ, ಆಸಿಡಿಟಿಗೆ ನುಂಗೋ ಎಷ್ಟೋ ಮಾತ್ರೆಗಳಲ್ಲಿ ಇರೋದೂ ಇದೇನೇ. ನೀರು ಕಮ್ಮಿ ಕುಡಿಯೋದು, ಉಪ್ಪು ಜಾಸ್ತಿ ತಿನ್ನೋದು ಕಿಡ್ನಿಗೆ ಇದಕ್ಕಿಂತ ದೊಡ್ಡ ತಾಪತ್ರಯ. ಆದ್ರೆ ಈಗಾಗ್ಲೇ ಕಲ್ಲಾಗಿ ಟ್ರೀಟ್‌ಮೆಂಟ್ ತಗೋತಾ ಇರೋರು ಯಾವ ನೀರು ಕುಡೀಬೇಕು ಅಂತ ಡಾಕ್ಟರ್ ಹತ್ರನೇ ಕೇಳಿ.

ಊರಲ್ಲಿ ಅಮ್ಮನ ಕೆಟಲ್ ಐದು ವರ್ಷ ಆದ್ರೂ ಫಳಫಳ ಅಂತಿದೆ, ಅದೇ ಕಂಪನಿದು ನಂದು ಯಾಕೆ ಹೀಗೆ?

ಕಂಪನಿ ತಪ್ಪಲ್ಲ, ನೀರಿನ ಊರು ಬೇರೆ. ಮಲೆನಾಡು, ಕರಾವಳಿ ಕಡೆ ಮಳೆ ಜಾಸ್ತಿ, ಜಂಬಿಟ್ಟಿಗೆ ಮಣ್ಣು, ಬಾವಿ ನೀರು ಮೆದು. ಬಯಲುಸೀಮೆಲಿ ನೂರಾರು ಅಡಿ ಕೆಳಗಿಂದ ಎತ್ತೋ ಬೋರ್ ನೀರು ಕಲ್ಲಿನ ಸಂದೀಲಿ ಬಹಳ ಕಾಲ ನಿಂತಿರುತ್ತೆ, ಅದಕ್ಕೇ ಗಡಸು, ಅಂದ್ರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕುಡಿಯೋ ನೀರಿಗೆ ನಮ್ಮ ದೇಶದ ಬಿಐಎಸ್ ಸ್ಟ್ಯಾಂಡರ್ಡ್ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ಓಕೆ.

ಬೆಂಗಳೂರಲ್ಲಂತೂ ಒಂದೇ ರೋಡಲ್ಲಿ ಆ ಕಡೆ ಕಾವೇರಿ, ಈ ಕಡೆ ಟ್ಯಾಂಕರ್. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಸುತ್ತಲ 110 ಹಳ್ಳಿಗಳಿಗೆ ನೀರು ಕೊಡೋ ಕೆಲಸ ನಡೀತು, ಆಮೇಲೆ ಆ ಕಡೆ ಇರೋ ನನ್ನ ಫ್ರೆಂಡ್ ಒಬ್ಬ "ಕೆಟಲ್ ತೊಳೆಯೋದೇ ಮರ್ತೋಗಿದೆ" ಅಂದ. ನನಗೆ ಹೊಟ್ಟೆ ಉರೀತು ಅಷ್ಟೆ.

ಲಂಡನ್‌ಗೆ ಬಂದಿದೀವಿ, ಇಲ್ಲಿ ನಲ್ಲಿ ನೀರೇ ಕುಡೀರಿ ಅಂತಾರೆ, ಆದ್ರೆ ಕೆಟಲ್ ನೋಡಿದ್ರೆ ನಮ್ಮ ಬೋರ್‌ವೆಲ್ಲೇ ವಾಸಿ! ಇದು ಸೇಫಾ?

ಸೇಫ್. ಲಂಡನ್ ಸುತ್ತಮುತ್ತ ನೆಲದಡಿ ಸೀಮೆಸುಣ್ಣದ ಕಲ್ಲೇ ಇರೋದು, ಆ ನೀರು ಹೆಸರುವಾಸಿ ಗಡಸು. ಇದೇ ನೀವು ಮ್ಯಾಂಚೆಸ್ಟರ್ ಕಡೆಗೋ ಸ್ಕಾಟ್ಲೆಂಡ್‌ಗೋ ಹೋದ್ರೆ ಮೆದು ನೀರು, ನಮ್ಮ ಮಲೆನಾಡಿನ ಥರ. ಅಲ್ಲಿ ಎಲ್ಲಾ ಸೂಪರ್‌ಮಾರ್ಕೆಟ್‌ನಲ್ಲೂ ಇದಕ್ಕೇ ಅಂತ ಪ್ಯಾಕೆಟ್ ಸಿಗುತ್ತೆ, ಹಿಂದೆ ತಿರುಗಿಸಿ ಓದಿ, ಬಹಳಷ್ಟರಲ್ಲಿ ಇರೋದು ಸಿಟ್ರಿಕ್ ಆಸಿಡ್ಡೇ.

ತೊಳೀದೇ ಹಾಗೇ ಬಿಟ್ರೆ ಏನಾಗುತ್ತೆ? ಕರೆಂಟ್ ಬಿಲ್ ಡಬಲ್ ಬರುತ್ತಂತೆ?

ಡಬಲ್ ಎಲ್ಲ ಬರಲ್ಲ, ಅದು ಡಿಸ್ಕೇಲಿಂಗ್ (ಸುಣ್ಣ ತೆಗೆಯೋ) ಪೌಡರ್ ಮಾರೋರ ಮಾತು. ಲೆಕ್ಕ ನೋಡಿ, 25 ಡಿಗ್ರಿ ಇರೋ ಒಂದು ಲೀಟರ್ ನೀರು ಕುದಿಯೋಕೆ ಹತ್ತಿರ ಹತ್ತಿರ 0.09 ಯೂನಿಟ್ ಬೇಕು, 1500 ವ್ಯಾಟಿನ ಕೆಟಲ್‌ಗೆ ಇದು ನಾಲ್ಕು ನಿಮಿಷದ ಕೆಲಸ. ಸುಣ್ಣ ಕಟ್ಟಿದ್ರೂ ಆ ಶಾಖ ಎಲ್ಲಿಗೆ ಹೋಗ್ಬೇಕು, ಸುತ್ತಿ ಬಳಸಿ ಹೆಚ್ಚುಪಾಲು ನೀರಿಗೇ ಬರ್ಬೇಕು. ನಿಜವಾದ ತೊಂದರೆ ಬೇರೆ. ಸುಣ್ಣ ಶಾಖನ ಸರಾಗವಾಗಿ ಬಿಡಲ್ಲ, ಹಾಗಾಗಿ ತಳದ ಕೆಳಗಿರೋ ಕಾಯಿಲ್ ಮಾಮೂಲಿಗಿಂತ ಜಾಸ್ತಿ ಕಾಯುತ್ತೆ, ಓವರ್‌ಹೀಟ್ ಕಟ್ ಆಗೋ ಡಿಸ್ಕ್ ಅವಧಿಗೆ ಮುಂಚೆ ಟ್ರಿಪ್ ಆಗೋಕೆ ಶುರುವಾಗುತ್ತೆ, ಹೀಗೇ ಓಡಿಸಿದ್ರೆ ಒಂದಿನ ಕಾಯಿಲ್ ಸುಟ್ಟು ಕೆಟಲ್ ಸೀದಾ ಗುಜರಿಗೆ. ಸದ್ದೂ ಜಾಸ್ತಿ. ಟೀ ಲೋಟದಲ್ಲಿ ಚೂರು ತೇಲುತ್ತೆ, ಬಂದ ನೆಂಟರು ಲೋಟ ಬಗ್ಗಿಸಿ ನೋಡ್ತಾರೆ, ಅದೇ ದೊಡ್ಡ ಅವಮಾನ.

## ತೊಳೆಯೋ ಕೆಲಸ

ಸರಿ, ಹೇಗೆ ತೊಳೀಬೇಕು? ಬಿಡಿಸಿ ಹೇಳಿ.

ಒಂದೂವರೆ ಲೀಟರಿನ ಮಾಮೂಲಿ ಸ್ಟೀಲ್ ಕೆಟಲ್ ಅಂತ ಇಟ್ಕೊಳ್ಳಿ. ಬಿಳಿ ಪದರ ಎಲ್ಲಿ ತನಕ ಇದೆಯೋ ಅದು ಮುಳುಗೋ ಹಾಗೆ ನೀರು ಹಾಕಿ, ಸುಮಾರು ಒಂದು ಲೀಟರ್ ಆಗಬಹುದು. ಕೈ ತಡೆಯದಷ್ಟು ಬಿಸಿ ಆದ್ರೆ ಸಾಕು, ಕೊತಕೊತ ಕುದೀಬೇಕಿಲ್ಲ. ಆಫ್ ಮಾಡಿ, ಪ್ಲಗ್ ಕಿತ್ತು, ಕೆಟಲ್‌ನ ಬೇಸಿಂದ ಎತ್ತಿಡಿ. ಈಗ ಎರಡು ಟೀ ಚಮಚ ನಿಂಬೆ ಉಪ್ಪು ಸ್ವಲ್ಪ ಸ್ವಲ್ಪವಾಗಿ ಹಾಕಿ. ಒಂದೇ ಸಲ ಸುರಿದ್ರೆ ನೊರೆ ಉಕ್ಕಿ ಮೂತಿಯಿಂದ ಹೊರಗೆ ಬರುತ್ತೆ. ಜುಯ್ ಅಂತ ಗುಳ್ಳೆ ಏಳೋದು ಕಾಣುತ್ತೆ, ಅದು ಸುಣ್ಣ ಕರಗ್ತಿರೋ ಗುರುತು.

ಅರ್ಧ ಗಂಟೆ ಬಿಡಿ, ಹೋಗಿ ಬೇರೆ ಕೆಲಸ ನೋಡಿ. ಬಂದು ಚೆಲ್ಲಿ, ಮೆತ್ತನೆ ಸ್ಪಂಜಲ್ಲಿ ಸುಮ್ನೆ ಸವರಿ, ಎರಡು ಸಲ ಗಲಬರಿಸಿ, ಆಮೇಲೆ ಬರೀ ನೀರು ಒಂದು ಸಲ ಕುದಿಸಿ ಚೆಲ್ಲಿ. ಮುಗೀತು. ತಿಕ್ಕೋ ಕೆಲಸನೇ ಇಲ್ಲ, ಕಾಯೋ ಕೆಲಸ. ನೆನೆ ಹಾಕಿದಾಗ ಮೇಲೊಂದು ಚೀಟಿ ಅಂಟಿಸೋದು ಮರೀಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ನಿಂಬೆ ಉಪ್ಪು ಅಂದ್ರೆ ಯಾವ್ದು? ಸೈಂಧವ ಲವಣನಾ?

ಅಲ್ಲಲ್ಲ. ಸಿಟ್ರಿಕ್ ಆಸಿಡ್‌ಗೇ ನಮ್ಮ ಅಂಗಡಿಗಳಲ್ಲಿ ನಿಂಬೆ ಉಪ್ಪು ಅಂತಾರೆ. ಸಕ್ಕರೆ ಹರಳಿನ ಥರ ಇರುತ್ತೆ, ಪನೀರ್ ಒಡೆಯೋಕೆ, ಸ್ಕ್ವಾಷ್ ಮಾಡೋಕೆ ಹಾಕ್ತಾರೆ. ಗ್ರಂಥಿಗೆ ಅಂಗಡೀಲಿ, ದೊಡ್ಡ ದಿನಸಿ ಅಂಗಡೀಲಿ, ಬೇಕರಿ ಸಾಮಾನು ಮಾರೋ ಕಡೆ ಸಿಗುತ್ತೆ. ತಿನ್ನೋ ಗ್ರೇಡ್ ಅಂತ ಕೇಳಿ ತಗೊಳ್ಳಿ, ಗಾಳಿ ಆಡದ ಡಬ್ಬೀಲಿ ಇಡಿ, ಇಲ್ಲಾಂದ್ರೆ ತೇವ ಹೀರಿ ಗಡ್ಡೆ ಕಟ್ಟುತ್ತೆ. ಡಬ್ಬಿ ಮೇಲೆ ಹೆಸರೂ ಬರೀರಿ, ಸಕ್ಕರೆ ಪಕ್ಕ ಇಡಬೇಡಿ.

ಮನೇಲಿ ವಿನೆಗರ್ ಇದೆ, ಅದು ಆಗಲ್ವಾ?

ಆಗುತ್ತೆ. ಗೋಬಿ ಮಂಚೂರಿಗೆ ತಂದಿಟ್ಟ ಬಿಳಿ ವಿನೆಗರ್‌ನಲ್ಲಿ 4 ಪರ್ಸೆಂಟ್ ಆಸುಪಾಸು ಅಸಿಟಿಕ್ ಆಸಿಡ್ ಇರುತ್ತೆ. ಅರ್ಧ ವಿನೆಗರ್, ಅರ್ಧ ನೀರು ಹಾಕಿ ಒಂದು ಗಂಟೆ ಬಿಡಿ. ನನಗೆ ಇಷ್ಟ ಇಲ್ಲ, ಕಾರಣ ವಾಸನೆ. ಬಿಸಿ ಮಾಡಿದ್ರೆ ಕಣ್ಣು ಮೂಗು ಉರಿಯುತ್ತೆ, ಪ್ಲಾಸ್ಟಿಕ್ ಮುಚ್ಚಳ ಇದ್ರೆ ಎರಡು ದಿನ ಕಾಫಿಲಿ ಉಪ್ಪಿನಕಾಯಿ ಘಮ. ಬಾಟಲ್ ಒಂದು ಸಲಕ್ಕೇ ಖಾಲಿ ಬೇರೆ.

ನಿಂಬೆಹಣ್ಣು ಹಿಂಡಿದ್ರೆ? ಹುಣಸೆಹಣ್ಣು? ಅಜ್ಜಿ ಹಿತ್ತಾಳೆ ಪಾತ್ರೆ ಅದ್ರಲ್ಲೇ ತೊಳೀತಿದ್ರು.

ಅಜ್ಜಿ ಲೆಕ್ಕ ಸರಿ, ಪಾತ್ರೆ ಬೇರೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಸಿಡ್ ಹಿತ್ತಾಳೆ ತಾಮ್ರದ ಕಿಲುಬಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಸುಣ್ಣದ ಜೊತೆ ಸೇರಿದ್ರೆ ಮಾತ್ರ ಅಷ್ಟಾಗಿ ಕರಗದ ಇನ್ನೊಂದು ಉಪ್ಪಾಗಿ ಕೂತ್ಕೊಳ್ಳುತ್ತೆ, ಮೇಲಿಂದ ನಾರು, ಸಿಪ್ಪೆ ಎಲ್ಲಾ ಮೂತಿಯ ಜಾಲರಿಗೆ ಸಿಕ್ಕಿ ಆ ಜಾಲರಿ ತೊಳೆಯೋದೇ ಇನ್ನೊಂದು ಕೆಲಸ. ನಿಂಬೆಹಣ್ಣು ಪರವಾಗಿಲ್ಲ, ಅದರ ರಸದಲ್ಲಿ ಸುಮಾರು 5 ಪರ್ಸೆಂಟ್ ಸಿಟ್ರಿಕ್ ಆಸಿಡ್ ಇರುತ್ತೆ. ತೆಳು ಪದರಕ್ಕೆ ಮೂರ್ನಾಲ್ಕು ಹಣ್ಣು ಸೋಸಿ ಹಾಕಿ. ಬೇಸಿಗೇಲಿ ಒಂದು ನಿಂಬೆಹಣ್ಣು ಹತ್ತು ರೂಪಾಯಿ ಆದಾಗ ಪಾನಕ ಮಾಡ್ಕೊಂಡು ಕುಡೀರಿ, ಕೆಟಲ್‌ಗೆ ಯಾಕೆ ಹಾಕ್ತೀರಾ. ಹಿಂಡಿದ ಸಿಪ್ಪೆ ಕುಕ್ಕರ್ ತಳದ ನೀರಿಗೆ ಹಾಕ್ತೀವಲ್ಲ ಕಪ್ಪಾಗದೇ ಇರ್ಲಿ ಅಂತ, ಅದು ಅಲ್ಲಿಗೇ ಸರಿ.

ಅಡುಗೆ ಸೋಡಾ ಮತ್ತೆ ವಿನೆಗರ್ ಎರಡೂ ಹಾಕಿದ್ರೆ ಸಖತ್ ನೊರೆ ಬರುತ್ತೆ, ವಿಡಿಯೋದಲ್ಲಿ ನೋಡಿದೆ, ಅದು ಪವರ್‌ಫುಲ್ ಅಲ್ವಾ?

ನೋಡೋಕೆ ಪವರ್‌ಫುಲ್, ಮಾಡೋಕೆ ಏನಿಲ್ಲ. ಸೋಡಾ ಕ್ಷಾರ, ವಿನೆಗರ್ ಆಮ್ಲ, ಎರಡೂ ಒಂದನ್ನೊಂದು ತಿಂದು ಹಾಕ್ತವೆ, ನೊರೆ ಇಳಿದ ಮೇಲೆ ಉಳಿಯೋದು ಉಪ್ಪುಪ್ಪು ನೀರು, ಅದಕ್ಕೆ ಸುಣ್ಣ ಕರಗಿಸೋ ಶಕ್ತಿ ಇಲ್ಲ. ಸುಣ್ಣದ ಮೇಲೆ ಖರ್ಚಾಗಬೇಕಾದ ಹುಳಿನ ಸೋಡಾ ಮೇಲೆ ಖರ್ಚು ಮಾಡಿದ ಹಾಗೆ. ಈನೋ ಹಾಕೋರೂ ಇದಾರೆ, ಅದರೊಳಗೂ ಸೋಡಾ ಮತ್ತು ಸಿಟ್ರಿಕ್ ಆಸಿಡ್ ಎರಡೂ ಇರುತ್ತೆ, ನೀರಿಗೆ ಬಿದ್ದ ತಕ್ಷಣ ಅವೆರಡೂ ಜಗಳ ಆಡಿ ಮುಗಿಸಿರ್ತವೆ. ಅದನ್ನ ಇಡ್ಲಿಗೆ, ಹೊಟ್ಟೆಗೆ ಇಟ್ಕೊಳ್ಳಿ.

ಸ್ಟೀಲ್ ವುಲ್ ಹಾಕಿ ಒಂದೇ ಸಲ ಕೆರೆದು ತೆಗೆದ್ರೆ ಬೇಗ ಆಗಲ್ವಾ?

ಬೇಡ. ಗೀರು ಬೀಳುತ್ತೆ, ಆ ಗೀರಲ್ಲೇ ಮುಂದಿನ ಸಲ ಸುಣ್ಣ ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ. ಕಬ್ಬಿಣದ ವುಲ್ ಆಗಿದ್ರೆ ಅದರ ಚೂರು ಒಳಗೇ ಉಳಿದು ತುಕ್ಕು ಹಿಡಿಯುತ್ತೆ, ಆಮೇಲೆ ನೀವು ಕೆಟಲ್ ಕಂಪನಿಗೆ ಬೈತೀರಾ. ಚಾಕು, ಸ್ಕ್ರೂಡ್ರೈವರ್ ಬಗ್ಗೆ ನಾನು ಹೇಳೋದೇ ಬೇಡ ಅಂದ್ಕೊಂಡಿದ್ದೆ, ಆದ್ರೆ ನಮ್ಮ ರೂಮ್‌ಮೇಟ್ ಒಬ್ಬ ಅದನ್ನೂ ಮಾಡಿದಾನೆ.

ಹೊರಗಡೆ, ಕೆಳಗಡೆ ಹೇಗೆ? ಸಿಂಕಲ್ಲಿ ನಲ್ಲಿ ಕೆಳಗೆ ಹಿಡಿದು ತೊಳೀಬಹುದಾ?

ಖಂಡಿತ ಬೇಡ. ತಳದ ಕನೆಕ್ಟರ್ ಒಳಗೆ, ಹಿಡಿಯ ಸ್ವಿಚ್ ಒಳಗೆ ನೀರು ಹೋದ್ರೆ ಶಾಕ್ ಇಲ್ಲಾ ಶಾರ್ಟ್. ಹೊರಗಡೆಗೆ ಒದ್ದೆ ಬಟ್ಟೆ ಹಿಂಡಿ ಒರೆಸಿ, ಒಣ ಬಟ್ಟೇಲಿ ಇನ್ನೊಂದು ಸಲ ಒರೆಸಿ. ಒಗ್ಗರಣೆ ಜಿಡ್ಡು ಹಾರಿದ್ರೆ ಒಂದು ತೊಟ್ಟು ಪಾತ್ರೆ ತೊಳೆಯೋ ಲಿಕ್ವಿಡ್ ಬಟ್ಟೆ ಮೇಲೆ ಹಾಕ್ಕೊಳ್ಳಿ. ಮೂತಿಯ ಜಾಲರಿ ಬಿಚ್ಚೋಕೆ ಬರೋ ಹಾಗಿದ್ರೆ ಬಿಚ್ಚಿ, ಒಂದು ಲೋಟ ನಿಂಬೆ ಉಪ್ಪಿನ ನೀರಲ್ಲಿ ಹಾಕಿಡಿ, ಹಳೇ ಟೂತ್‌ಬ್ರಷ್‌ನಲ್ಲಿ ಒಂದೆಳೆ ಉಜ್ಜಿದ್ರೆ ಸಾಕು.

ನಮ್ಮ ವಿಜಯಪುರದ ಕಡೆ ಬೋರಿನ ನೀರು ಭಾಳ ಸವಳು ಅದ ರೀ, ಎರಡು ತಿಂಗಳಿಗೊಮ್ಮೆ ತೊಳದ್ರ ಸಾಕಾಗ್ತದೇನು?

ಸಾಕಾಗಲ್ಲ ರೀ. ಅಂಥ ನೀರಿಗೆ ಹದಿನೈದು ದಿನಕ್ಕೊಮ್ಮೆ. ಪದರ ತೆಳ್ಳಗಿದ್ದಾಗಲೇ ತೆಗೆದ್ರೆ ಒಂದು ಚಮಚದಲ್ಲಿ, ಹತ್ತು ನಿಮಿಷದಲ್ಲಿ ಮುಗಿಯುತ್ತೆ, ಚಿಪ್ಪಿನ ಥರ ದಪ್ಪ ಆದ್ಮೇಲೆ ಮೂರು ಸಲ ಹಾಕಿದ್ರೂ ಚೂರು ಚೂರಾಗಿ ಬಿಡುತ್ತೆ. ಕಾವೇರಿ ನೀರಿನ ಮನೆಗೆ ಎರಡು ತಿಂಗಳಿಗೊಮ್ಮೆ ಸರಿ, ಆರ್‌ಒ ನೀರೇ ಹಾಕೋರಿಗೆ ವರ್ಷಕ್ಕೆ ಎರಡು ಸಲ. ತಾರೀಖು ಲೆಕ್ಕಕ್ಕಿಂತ ಕಣ್ಣೇ ವಾಸಿ, ತಳದ ಸ್ಟೀಲ್ ಮಂಕಾಯ್ತಾ, ತೊಳೀರಿ. ಇನ್ನೊಂದು ಅಭ್ಯಾಸ ಮಾಡ್ಕೊಳ್ಳಿ: ಉಳಿದ ನೀರು ರಾತ್ರಿ ಎಲ್ಲ ಕೆಟಲ್‌ನಲ್ಲೇ ಬಿಡಬೇಡಿ, ಚೆಲ್ಲಿ ಮುಚ್ಚಳ ತೆಗೆದಿಡಿ, ಸುಣ್ಣ ಕಟ್ಟೋದು ಒಂಚೂರು ಕಮ್ಮಿ ಆಗುತ್ತೆ.

## ಎಡವಟ್ಟು ಆದ್ಮೇಲೆ

ಪಿಜಿಲಿ ಗ್ಯಾಸ್ ಇಲ್ಲ ಅಂತ ಕೆಟಲ್‌ನಲ್ಲಿ ಹಾಲು ಕಾಯಿಸಿದೆ, ಉಕ್ಕಿ ತಳ ಸೀದು ಕಪ್ಪಾಗಿದೆ. ನಿಂಬೆ ಉಪ್ಪು ಹಾಕಿದ್ರೂ ಹೋಗ್ತಿಲ್ಲ.

ಹೋಗಲ್ಲ, ಯಾಕಂದ್ರೆ ಇದು ಸುಣ್ಣ ಅಲ್ಲ, ಸೀದ ಹಾಲಿನ ಪ್ರೋಟೀನ್ ಮತ್ತು ಜಿಡ್ಡು. ಇದಕ್ಕೆ ಹುಳಿ ಅಲ್ಲ, ಕ್ಷಾರ ಬೇಕು. ಎರಡು ಮೂರು ಚಮಚ ಅಡುಗೆ ಸೋಡಾ ಹಾಕಿ, ಸೀದ ಜಾಗ ಮುಳುಗೋಷ್ಟು ನೀರು ಹಾಕಿ ಬಿಸಿ ಮಾಡಿ (ಎದುರಿಗೇ ನಿಂತು, ಉಕ್ಕೋ ಮುಂಚೆ ಆಫ್ ಮಾಡಿ), ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಮರದ ಸೌಟಿನ ಹಿಂಬದಿಯಿಂದ ಮೆಲ್ಲಗೆ ತಳ್ಳಿದ್ರೆ ಹಪ್ಪಳದ ಥರ ಏಳುತ್ತೆ. ಒಂದೇ ಸಲಕ್ಕೆ ಹೋಗದಿದ್ರೆ ಇನ್ನೊಂದು ರಾತ್ರಿ. ಪೂರ್ತಿ ತೊಳೆದ ಮೇಲೆ ಅಡಿಯಲ್ಲಿ ಬಿಳಿ ಕಂಡ್ರೆ ಆವಾಗ ನಿಂಬೆ ಉಪ್ಪು. ಒಟ್ಟಿಗೆ ಮಾತ್ರ ಹಾಕಬೇಡಿ.

ಹಾಲಿನ ದೊಡ್ಡ ತಲೆನೋವು ತಳ ಅಲ್ಲ, ಹಾಲಿನ ನೊರೆ ಹಬೆ ಹೋಗೋ ಸಣ್ಣ ತೂತಿಗೆ ನುಗ್ಗೋದು. ಅಲ್ಲಿ ಒಣಗಿದ್ರೆ ವಾಸನೆ ಹೊಡೆಯುತ್ತೆ, ಆಟೋ ಆಫ್ ಕೆಡುತ್ತೆ, ಅದನ್ನ ತೊಳೆಯೋಕೆ ದಾರಿನೇ ಇಲ್ಲ. ನೀರು ಕೆಟಲ್‌ನಲ್ಲಿ ಕುದಿಸಿ, ಹಾಲಿನ ಪುಡಿ ಲೋಟದಲ್ಲಿ ಹಾಕ್ಕೊಳ್ಳಿ ಮಾರಾಯ್ರೆ. ಮ್ಯಾಗಿ ಬೇಯಿಸೋರಿಗೂ ಇದೇ ಮಾತು. ಮೊಟ್ಟೆ ಬೇಯಿಸೋರ ಬಗ್ಗೆ ನಾನು ಮಾತಾಡಲ್ಲ, ನಾನೂ ಬೇಯಿಸಿದೀನಿ.

ಟಾಯ್ಲೆಟ್ ತೊಳೆಯೋ ಆಸಿಡ್ ಒಂದು ಮುಚ್ಚಳ ಹಾಕಿದ್ರೆ ಕ್ಷಣದಲ್ಲಿ ಕ್ಲೀನ್ ಆಗುತ್ತಂತೆ, ಹೌದಾ?

ಸುಣ್ಣ ಹೋಗೋದೇನೋ ನಿಜ, ಜೊತೆಗೆ ಕೆಟಲ್ಲೂ ಹೋಗುತ್ತೆ. ಅದು ಹೈಡ್ರೋಕ್ಲೋರಿಕ್ ಆಸಿಡ್, ಸ್ಟೇನ್‌ಲೆಸ್ ಸ್ಟೀಲ್‌ನ ತುಕ್ಕು ಹಿಡಿಯದ ಪದರನ್ನೇ ತಿನ್ನುತ್ತೆ, ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತೆ, ಬಿಸಿ ಇದ್ರೆ ಹೊಗೆ ಎದೆಗೆ ಕೆಟ್ಟದ್ದು. ಬ್ಲೀಚೂ ಬೇಡ, ಅದೂ ಸ್ಟೀಲ್‌ಗೆ ಆಗಲ್ಲ. ಆಸಿಡ್ ಮತ್ತು ಬ್ಲೀಚ್ ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಅದು ಪ್ರಾಣಕ್ಕೇ ಅಪಾಯ. ಬಾಯಿಗೆ ಹಾಕೋಕೆ ಆಗದ ಯಾವುದನ್ನೂ ಕೆಟಲ್‌ಗೆ ಹಾಕಬೇಡಿ, ನನ್ನ ರೂಲ್ ಇಷ್ಟೇ.

ನೀವು ಹೇಳಿದ ಹಾಗೇ ತೊಳೆದೆ, ಮಾರನೇ ದಿನ ಟೀ ಮಾಡಿದ್ರೆ ಹಾಲು ಒಡೀತು. ಹಾಲು ಕೆಟ್ಟಿತ್ತಾ?

ಹಾಲು ಪಾಪ ಸರಿಯಾಗೇ ಇತ್ತು, ಕೆಟಲ್‌ನಲ್ಲಿ ಹುಳಿ ಉಳಿದಿತ್ತು. ಮೂತಿ, ಜಾಲರಿ, ಮುಚ್ಚಳದ ರಬ್ಬರ್ ಸಂದೀಲಿ ಸೇರ್ಕೊಂಡಿರುತ್ತೆ. ಅದಕ್ಕೇ ಕೊನೇಲಿ ಕೆಟಲ್ ತುಂಬ ಬರೀ ನೀರು ಕುದಿಸಿ, ಮೂತಿಯಿಂದಲೇ ಬಗ್ಗಿಸಿ ಚೆಲ್ಲಬೇಕು. ಆ ನೀರು ಒಂದು ತೊಟ್ಟು ನಾಲಿಗೆ ಮೇಲೆ ಇಟ್ಟು ನೋಡಿ, ಹುಳಿ ಇದ್ರೆ ಇನ್ನೊಂದು ಸಲ.

ನಮ್ಮ ಮನೇಲಿ ಇದಕ್ಕಿಂತ ಜೋರು. ನಾನು ನಿಂಬೆ ಉಪ್ಪು ಹಾಕಿ ನೆನೆಯೋಕೆ ಬಿಟ್ಟು ಸ್ನಾನಕ್ಕೆ ಹೋದೆ, ನೆಂಟರು ಬಂದ್ರು, ಅತ್ತೆ "ನೀರು ಬಿಸಿನೇ ಇದೆ" ಅಂತ ಅದೇ ನೀರಲ್ಲಿ ಆರು ಲೋಟ ಕಾಫಿ ಬೆರೆಸಿದ್ರು. ಯಾರಿಗೂ ಏನೂ ಆಗಲಿಲ್ಲ, ಕಾಫಿ ಮಾತ್ರ ಪನೀರಾಯ್ತು. ಚೀಟಿ ಅಂಟಿಸಿ ಅಂದಿದ್ದು ಇದಕ್ಕೆ.

ಒಳಗೆ ಕಂದು ಚುಕ್ಕೆ ಬಿದ್ದಿದೆ. ಸ್ಟೇನ್‌ಲೆಸ್ ಅಂದ್ರು, ತುಕ್ಕು ಹೇಗೆ ಬಂತು?

ಬಹಳ ಸಲ ಅದು ಕೆಟಲ್ ತುಕ್ಕಲ್ಲ, ನೀರಿನ ಕಬ್ಬಿಣ. ಬೋರ್ ನೀರಲ್ಲಿ, ಹಳೇ ಜಿಐ ಪೈಪಲ್ಲಿ ಬರೋ ಕಬ್ಬಿಣದ ಅಂಶ ಬಿಸಿಗೆ ಕಂದಾಗಿ ಕೂರುತ್ತೆ. ನಿಂಬೆ ಉಪ್ಪಲ್ಲಿ ಹೋದ್ರೆ ಅದೇ ಅಂತ ಲೆಕ್ಕ. ಕೈಯಾಡಿಸಿದ್ರೆ ಕುಳಿ ಬಿದ್ದ ಹಾಗೆ ತಗುಲ್ತಿದ್ರೆ, ತೊಳೆದ ಮೂರೇ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬಂದ್ರೆ, ಸ್ಟೀಲೇ ತಿಂದು ಹೋಗಿದೆ, ಬದಲಾಯಿಸಿ. ನೀಲಿ ನೇರಳೆ ಕಾಮನಬಿಲ್ಲಿನ ಥರ ಕಂಡ್ರೆ ಹೆದರಬೇಡಿ, ಶಾಖಕ್ಕೆ ಸ್ಟೀಲ್ ಮೇಲೆ ಆಗೋ ತೆಳು ಪದರ ಅಷ್ಟೆ.

ಕುದಿಯೋ ಮುಂಚೆನೇ ಟಕ್ ಅಂತ ಆಫ್ ಆಗ್ತಿದೆ. ಪಕ್ಕದ ಮನೆಯವರದು ಉಲ್ಟಾ, ಆಫೇ ಆಗ್ತಿಲ್ಲ!

ಎರಡಕ್ಕೂ ಕಾರಣ ಬೇರೆ. ಹಿಡಿಯೊಳಗೆ ಒಂದು ಸಣ್ಣ ಲೋಹದ ಬಿಲ್ಲೆ ಇರುತ್ತೆ, ಎರಡು ಥರದ ಲೋಹ ಬೆಸೆದಿದ್ದು, ನೀರು ಕುದ್ದು ಹಬೆ ಒಂದು ಕೊಳವೆಯಿಂದ ಬಂದು ತಗುಲಿದಾಗ ಅದು ಟಕ್ ಅಂತ ಹಿಂದಕ್ಕೆ ಬಾಗುತ್ತೆ, ಸ್ವಿಚ್ ಬೀಳುತ್ತೆ. (ಐಲ್ ಆಫ್ ಮ್ಯಾನ್ ಅನ್ನೋ ಪುಟ್ಟ ದ್ವೀಪದ ಸ್ಟ್ರಿಕ್ಸ್ ಕಂಪನಿ ಈ ಟಕ್ ಮೇಲೇ ಲೋಕಪ್ರಸಿದ್ಧ ಆಗಿರೋದು.) ಅದು ನೋಡೋದು ಹಬೆನ, ಡಿಗ್ರಿನಲ್ಲ. ಅದಕ್ಕೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋ ಬೆಂಗಳೂರಲ್ಲಿ ನೀರು 97 ಡಿಗ್ರಿಗೇ ಕುದ್ರೂ ಸರಿಯಾಗಿ ಆಫ್ ಆಗುತ್ತೆ.

ಆಫ್ ಆಗ್ತಿಲ್ಲ ಅಂದ್ರೆ ಮೊದಲು ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ, ತೆರೆದಿದ್ರೆ ಹಬೆ ಮೇಲಕ್ಕೇ ಹೋಗುತ್ತೆ, ಬಿಲ್ಲೆಗೆ ಸುದ್ದಿನೇ ಮುಟ್ಟಲ್ಲ. ಆಮೇಲೆ ಹಬೆಯ ತೂತಲ್ಲಿ ಸುಣ್ಣ, ಹಾಲು ಕಟ್ಟಿದೆಯಾ ನೋಡಿ. ಬೇಗ ಆಫ್ ಆದ್ರೆ ತಳದ ಸುಣ್ಣದಿಂದ ಓವರ್‌ಹೀಟ್ ಡಿಸ್ಕ್ ಟ್ರಿಪ್ ಆಗ್ತಿದೆ, ಚೆನ್ನಾಗಿ ತೊಳೀರಿ. ತೊಳೆದ ಮೇಲೂ ಹಾಗೇ ಇದ್ರೆ ರಿಪೇರಿಯವರಿಗೆ ತೋರಿಸಿ, ನೀವು ಬಿಚ್ಚೋಕೆ ಹೋಗಬೇಡಿ.

ಹೊಸಾ ಕೆಟಲ್, ನೀರು ಪ್ಲಾಸ್ಟಿಕ್ ವಾಸನೆ ಹೊಡೀತಿದೆ.

ತುಂಬ ನೀರು ಹಾಕಿ ಕುದಿಸಿ ಚೆಲ್ಲಿ, ಮೂರ್ನಾಲ್ಕು ಸಲ. ಅದರಲ್ಲಿ ಒಂದು ಸಲ ನಿಂಬೆ ಹೋಳು ಹಾಕಿ. ಮುಚ್ಚಳ ತೆಗೆದು ಒಂದು ಹಗಲು ಗಾಳಿಗಿಡಿ. ವಾರ ಆದ್ರೂ ಹೋಗಲಿಲ್ಲ ಅಂದ್ರೆ ವಾಪಸ್ ಕೊಡಿ, ಒಳಗೆ ಮುಚ್ಚಳದ ಸಮೇತ ಸ್ಟೀಲ್ ಇರೋದು ತಗೊಳ್ಳಿ.

## ಒಂಚೂರು ಆಳಕ್ಕೆ ಹೋಗೋರಿಗೆ

ನಿಂಬೆ ಉಪ್ಪು ಜಾಸ್ತಿ ಹಾಕಿ ಹತ್ತು ನಿಮಿಷ ಚೆನ್ನಾಗಿ ಕುದಿಸಿದೆ, ಈಗ ಇನ್ನೊಂಥರ ಬಿಳಿ ಪುಡಿ ಅಂಟಿದೆ, ಅದು ಹೋಗ್ತಾನೇ ಇಲ್ಲ!

ಇದು ಓದಿದವರೂ ಬೀಳೋ ಹಳ್ಳ, ನಾನೂ ಬಿದ್ದಿದೀನಿ. ಸುಣ್ಣ ಮತ್ತು ಸಿಟ್ರಿಕ್ ಆಸಿಡ್ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತೆ. ಸಕ್ಕರೆ ಉಪ್ಪು ಎಲ್ಲಾ ಬಿಸಿ ಆದಷ್ಟೂ ಜಾಸ್ತಿ ಕರಗುತ್ತವೆ ಅಲ್ವಾ, ಇದು ಉಲ್ಟಾ, ಬಿಸಿ ಆದಷ್ಟೂ ಕಮ್ಮಿ ಕರಗುತ್ತೆ. ಹಾಗಾಗಿ ದಪ್ಪ ಸುಣ್ಣ ಇರೋ ಕೆಟಲ್‌ನಲ್ಲಿ ಹುಳಿ ಹಾಕಿ ಕೊತಕೊತ ಕುದಿಸಿದ್ರೆ ಒಂದು ಬಿಳಿ ತೆಗೆದು ಇನ್ನೊಂದು ಬಿಳಿ ಬಳಿದ ಹಾಗೆ. ಅದಕ್ಕೇ ಮೇಲೆ ಕುದಿಸಬೇಡಿ ಅಂದಿದ್ದು. ಈಗ ಆಗಿರೋದಕ್ಕೆ ತಣ್ಣೀರಲ್ಲಿ ಹೊಸದಾಗಿ ನಿಂಬೆ ಉಪ್ಪು ಕಲಸಿ ಹಾಕಿ, ಎರಡು ಮೂರು ಗಂಟೆ ಬಿಟ್ಟು ಸ್ಪಂಜಲ್ಲಿ ಉಜ್ಜಿ. ಆಮೇಲೂ ಗಾಜಿನ ಥರ ಗಟ್ಟಿಯಾಗಿ ಉಳಿದಿದ್ರೆ ಅದು ಸಿಲಿಕಾ ಇಲ್ಲಾ ಜಿಪ್ಸಂ ಇರಬಹುದು, ಅಡುಗೆಮನೆ ಹುಳಿಗೆ ಅವು ಜಗ್ಗಲ್ಲ, ಹಾಗೇ ಬಿಟ್ಟುಬಿಡಿ.

ಚಮಚ ಲೆಕ್ಕ ಬಿಡಿ, ಗ್ರಾಂ ಲೆಕ್ಕದಲ್ಲಿ ಎಷ್ಟು ಸುಣ್ಣಕ್ಕೆ ಎಷ್ಟು ಹುಳಿ?

ಇಂಥಾ ಪ್ರಶ್ನೆ ಬಂದ್ರೆ ಖುಷಿ ನನಗೆ. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸುಮಾರು 1.3 ಗ್ರಾಂ ಸಿಟ್ರಿಕ್ ಆಸಿಡ್ ಬೇಕು. ಎರಡು ಟೀ ಚಮಚ ಅಂದ್ರೆ ಹತ್ತಿರ ಹತ್ತಿರ 10 ಗ್ರಾಂ, ಅದು ಏಳೂವರೆ ಗ್ರಾಂ ಸುಣ್ಣಕ್ಕೆ ಸಾಕು. ಈಗ ನಿಮ್ಮ ನೀರಲ್ಲಿ ಬಿಸಿಗೆ ಬಿಡೋ ಗಡಸು ಲೀಟರಿಗೆ 300 ಮಿಲಿಗ್ರಾಂ ಅಂತಿಟ್ಕೊಳ್ಳಿ, ದಿನಕ್ಕೆ ನಾಲ್ಕು ಲೀಟರ್ ಕಾಯಿಸಿದ್ರೆ ತಿಂಗಳಿಗೆ 120 ಲೀಟರ್, ಲೆಕ್ಕಕ್ಕೆ 36 ಗ್ರಾಂ. ಅಷ್ಟೂ ಅಂಟಲ್ಲ, ಒಂದಷ್ಟು ನೀರಿನ ಜೊತೆ ಲೋಟಕ್ಕೆ ಹೋಗುತ್ತೆ, ಒಂದಷ್ಟು ಬಿಡೋದೇ ಇಲ್ಲ. ಆದ್ರೂ ತಿಂಗಳಿಗೊಮ್ಮೆ ತೊಳೆಯೋರಿಗೆ ಎರಡು ಚಮಚ ಯಾಕೆ ಸಾಲಲ್ಲ ಅಂತ ಗೊತ್ತಾಯ್ತಲ್ಲ. ಗುಳ್ಳೆ ನಿಂತ ಮೇಲೂ ಬಿಳಿ ಇದ್ರೆ ಹುಳಿ ಮುಗಿದಿದೆ ಅಂತ, ಆ ನೀರು ಚೆಲ್ಲಿ ಹೊಸದು ಹಾಕಿ. ಒಂದೇ ಸಲ ಐದು ಚಮಚಕ್ಕಿಂತ ಎರಡೆರಡು ಚಮಚ ಎರಡು ಸಲ ವಾಸಿ, ಮೇಲಿನ ಸಿಟ್ರೇಟ್ ಕತೆ ನೆನಪಿದೆಯಲ್ಲ.

ಟಿಡಿಎಸ್ ಮೀಟರ್ 450 ತೋರಿಸ್ತಿದೆ, ಅಪಾರ್ಟ್‌ಮೆಂಟ್‌ನವರು ಸಾಫ್ಟ್‌ನರ್ ಹಾಕಿದೀವಿ ಅಂತಾರೆ. ಸುಳ್ಳು ಹೇಳ್ತಿದಾರಾ?

ಸುಳ್ಳೇ ಇರಬೇಕು ಅಂತಿಲ್ಲ. ಟಿಡಿಎಸ್ ಅಂದ್ರೆ ನೀರಲ್ಲಿ ಕರಗಿರೋ ಉಪ್ಪುಗಳ ಒಟ್ಟು ಲೆಕ್ಕ. ಮೀಟರ್ ನೋಡೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ, ಯಾವ ಉಪ್ಪು ಅಂತ ಅದಕ್ಕೆ ಗೊತ್ತಾಗಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಿತ್ತುಕೊಂಡು ಆ ಜಾಗಕ್ಕೆ ಸೋಡಿಯಂ ಕೊಡುತ್ತೆ, ಹಾಗಾಗಿ ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಸುಣ್ಣ ಮಾತ್ರ ಕಟ್ಟಲ್ಲ. ಗಡಸು ತಿಳಿಯೋಕೆ ಹಾರ್ಡ್‌ನೆಸ್ ಟೆಸ್ಟ್ ಸ್ಟ್ರಿಪ್ ತರಿಸಿ, ಇಲ್ಲಾಂದ್ರೆ ಬಟ್ಟೆ ಸೋಪಿನ ಟೆಸ್ಟ್ ಮಾಡಿ: ಬಾಟಲಿಲಿ ನೀರು, ಒಂದು ಚೂರು ಸೋಪು, ಚೆನ್ನಾಗಿ ಅಲ್ಲಾಡಿಸಿ. ನೊರೆ ಬರದೇ ಹಾಲಿನ ಥರ ಗಸಿ ಕಟ್ಟಿದ್ರೆ ಸಾಫ್ಟ್‌ನರ್‌ಗೆ ಉಪ್ಪು ಹಾಕೋದು ಮರೆತಿದಾರೆ. ಇನ್ನು, ಬಿಪಿ ಇರೋರು ಸಾಫ್ಟ್‌ನರ್ ನೀರು ಕುಡಿಯೋ ಮುಂಚೆ ಸೋಡಿಯಂ ಬಗ್ಗೆ ಡಾಕ್ಟರ್‌ಗೆ ಕೇಳಿ.

ಕುದಿಸಿದ್ರೆ ಗಡಸು ಕೆಳಗೆ ಕೂರುತ್ತೆ ಅಂದ್ರಿ, ಹಾಗಿದ್ರೆ ಫ್ಲೋರೈಡೂ ಹೋಗುತ್ತಾ? ನಮ್ಮದು ಪಾವಗಡ.

ಇಲ್ಲ, ಇದನ್ನ ದಯವಿಟ್ಟು ತಪ್ಪು ತಿಳ್ಕೋಬೇಡಿ. ಕುದಿಸಿದ್ರೆ ಹೋಗೋದು ಬೈಕಾರ್ಬೊನೇಟ್ ಜೊತೆಗಿನ ಗಡಸು ಮಾತ್ರ, ಅದಕ್ಕೇ ಅದನ್ನ ತಾತ್ಕಾಲಿಕ ಗಡಸು ಅನ್ನೋದು. ಸಲ್ಫೇಟ್, ಕ್ಲೋರೈಡ್ ರೂಪದ್ದು ಹಾಗೇ ಇರುತ್ತೆ. ಫ್ಲೋರೈಡ್ ಆವಿಯಾಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಒಂಚೂರು ಏರುತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ರೆ 1.5, ಅದಕ್ಕಿಂತ ಜಾಸ್ತಿ ವರ್ಷಗಟ್ಟಲೆ ಕುಡಿದ್ರೆ ಹಲ್ಲು, ಮೂಳೆಗೆ ತೊಂದರೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಬೋರ್ ನೀರು ಟೆಸ್ಟ್ ಮಾಡಿಸಿ, ಕುಡಿಯೋಕೆ ಆರ್‌ಒ ಘಟಕದ್ದೇ ಬಳಸಿ.

ಬ್ಲ್ಯಾಕ್ ಟೀ ಮೇಲೆ ಎಣ್ಣೆ ಥರ ಪೊರೆ ಬರ್ತಿದೆ, ಕೆಟಲ್ ಗಲೀಜಾ, ಟೀ ಪುಡಿ ಕಲಬೆರಕೆನಾ?

ಎರಡೂ ಅಲ್ಲ, ನೀರು. ಟೀಯೊಳಗಿನ ಪಾಲಿಫಿನಾಲ್‌ಗಳು ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಜೊತೆ ಸೇರಿ ಗಾಳಿ ತಗುಲಿದಾಗ ಪೊರೆ ಕಟ್ಟುತ್ತೆ. ಎರಡು ತೊಟ್ಟು ನಿಂಬೆರಸ ಹಿಂಡಿ, ಕಣ್ಣೆದುರೇ ಮಾಯ. ಕಾಫಿಗೂ ಇದೇ ಬೈಕಾರ್ಬೊನೇಟ್ ಶತ್ರು, ಕಾಫಿಯ ಸಣ್ಣ ಹುಳಿನ ಅದು ತಿಂದುಹಾಕುತ್ತೆ. ಊರಿಂದ ತಂದ ಅದೇ ಪುಡಿ ಇಲ್ಲಿ ಯಾಕೆ ಸಪ್ಪೆ ಅಂತ ವರ್ಷಗಟ್ಟಲೆ ಫಿಲ್ಟರ್‌ಗೆ ಬೈದಿದೀನಿ. ಡಿಕಾಕ್ಷನ್‌ಗೆ ಮಾತ್ರ ಕುಡಿಯೋ ನೀರು ಬಳಸಿ ನೋಡಿ.

ಇದೇ ಐಡಿಯಾ ಗೀಸರ್‌ಗೆ, ನೀರು ಕಾಯಿಸೋ ಕಾಯಿಲ್‌ಗೆ, ಅಜ್ಜಿ ಕಾಲದ ಹಂಡೆಗೆ ಆಗುತ್ತಾ?

ಕಾಯಿಲ್‌ಗೆ ಚೆನ್ನಾಗಿ ಆಗುತ್ತೆ. ಪ್ಲಗ್ ಕಿತ್ತು, ತಣ್ಣಗಾದ ಮೇಲೆ, ಉದ್ದನೆ ಪ್ಲಾಸ್ಟಿಕ್ ಜಗ್ಗಲ್ಲಿ ಬಿಸಿನೀರಿಗೆ ನಾಲ್ಕು ಚಮಚ ನಿಂಬೆ ಉಪ್ಪು ಹಾಕಿ ಸುರುಳಿ ಭಾಗ ಮಾತ್ರ ಮುಳುಗಿಸಿ. ಹಿಡಿ ಹತ್ರದ ಗುರುತಿಗಿಂತ ಮೇಲೆ ನೀರು ತಾಗಬಾರದು. ನೆನೀತಿರುವಾಗ ಸ್ವಿಚ್ ಹಾಕೋ ಯೋಚನೆ ಮಾಡಲೇಬೇಡಿ. ಗೀಸರ್‌ಗೆ ನೀವು ಏನೂ ಸುರಿಯಬೇಡಿ, ಒಳಗೆ ಮೆಗ್ನೀಸಿಯಂ ಕಡ್ಡಿ ಇರುತ್ತೆ, ಹುಳಿ ಅದನ್ನ ತಿನ್ನುತ್ತೆ, ಸರ್ವಿಸ್‌ನವರನ್ನ ಕರೆಸಿ ಟ್ಯಾಂಕ್ ಬಿಚ್ಚಿಸಿ ತೊಳೆಸಿ, ಆ ಕಡ್ಡಿ ಸವೆದಿದ್ರೆ ಅದನ್ನೂ ಬದಲಾಯಿಸೋಕೆ ಹೇಳಿ. ಬಚ್ಚಲ ಹಂಡೆಗೆ ನಿಂಬೆ ಉಪ್ಪಿನ ಬೆಚ್ಚನೆ ನೀರು ಹಾಕಿ ಹತ್ತು ಹದಿನೈದು ನಿಮಿಷಕ್ಕೆ ಚೆಲ್ಲಿಬಿಡಿ, ತಾಮ್ರ ಹಿತ್ತಾಳೆಲಿ ಹುಳಿ ಹೆಚ್ಚು ಹೊತ್ತು ನಿಲ್ಲಬಾರದು. ಹೊರಗಡೆಗೆ ಅಜ್ಜಿಯ ಹುಣಸೆಹಣ್ಣು, ಉಪ್ಪೇ ಸರಿ.